ಮಳೆಪುಸ್ತಕವೂ ಮನಸ್ಸಿನ ಲೆಕ್ಕವೂ

ಕೊಡಗಿನ ಬಹಳಷ್ಟು ಕಾಫಿ ಬೆಳೆಗಾರರ ಮನೆಯಂಗಳದಲ್ಲಿ ಮಳೆಮಾಪಕವೊಂದು ಇರುತ್ತದೆ. ಅದರ ಲೆಕ್ಕ ಬರೆಯುವ ಪುಸ್ತಕ ಜಗಲಿಯಲ್ಲಿ ಕೈಗೆಟಕುವಂತೆ ಇರುತ್ತದೆ. ಬೆಳಿಗ್ಗೆ ಮೊದಲು ಎದ್ದವರು ನೀರನ್ನು ಅಳೆದು ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆದಿಡುತ್ತಾರೆ. ಇಂಚಿನ ನೂರನೆಯ ಒಂದು ಭಾಗವೇ ಸೆಂಟು. ಒಂದು ವರ್ಷ ಮಾರ್ಚ್ ಕೊನೆಯಲ್ಲಿ, ಈ ಸಲ ಕಾಫಿ ಹೂ ಅರಳಿಸುವ ಹೂಮಳೆಯೇ ಬರಲಿಲ್ಲ, ಇನ್ನು ಫಸಲಿನ ಆಸೆ ಬಿಡಬೇಕು ಎಂದು ನಾನು ಬೇಸರಪಟ್ಟುಕೊಂಡಾಗ ನಮ್ಮ ತಂದೆಯವರು ಏನೂ ಹೇಳದೆ ಪುಸ್ತಕ ತೆರೆದು ಮುಂದಿಟ್ಟರು. ಹೂಮಳೆ ಬಂದಿತ್ತು, ಹೂವೂ ಅರಳಿತ್ತು. ಬಾರದೆ ಉಳಿದದ್ದು ಅದರ ಬೆನ್ನಿಗೆ, ಕಾಯಿ ಕಚ್ಚುವುದಕ್ಕೆ ಬೇಕಾದ ಎರಡನೆಯ ಮಳೆ ಮಾತ್ರ. ಬಾರದ ಮಳೆಯ ಚಿಂತೆ ಬಂದ ಮಳೆಯನ್ನು ನನ್ನ ನೆನಪಿನಿಂದ ಅಳಿಸಿಹಾಕಿತ್ತು.

ಇದು ನನ್ನೊಬ್ಬನ ದೌರ್ಬಲ್ಯವಲ್ಲ. ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಲೇಖನದ ತಿರುಳು ಇದೇ: ಕೆಟ್ಟ ಅನುಭವ, ಕೆಟ್ಟ ಸುದ್ದಿ, ನಿಂದೆಯ ಮಾತು ಇವೆಲ್ಲ ಅಷ್ಟೇ ತೂಕದ ಒಳಿತಿಗಿಂತ ಮನಸ್ಸಿನಲ್ಲಿ ಆಳವಾಗಿ ಊರುತ್ತವೆ. ಇದಕ್ಕೆ ಕಾರಣವನ್ನು ನಮ್ಮ ತೋಟದ ದಾರಿಯಲ್ಲಿಯೇ ಕಾಣಬಹುದು. ಮಬ್ಬುಗತ್ತಲೆಯಲ್ಲಿ ಪೊದೆಯನ್ನು ಕಾಡಾನೆ ಎಂದು ತಿಳಿದು ನಿಂತವನಿಗೆ ಎರಡು ನಿಮಿಷ ವ್ಯರ್ಥವಾಗುತ್ತದೆ, ಅಷ್ಟೆ. ಕಾಡಾನೆಯನ್ನು ಪೊದೆ ಎಂದು ತಿಳಿದು ಮುಂದೆ ನಡೆದವನು ಮನೆಗೆ ಮರಳುವುದು ಅನುಮಾನ. ಮೊದಲನೆಯ ತಪ್ಪನ್ನು ಹೆಚ್ಚಾಗಿ ಮಾಡುವ ಮಿದುಳೇ ಉಳಿದು ಬೆಳೆದು ಬಂದಿದೆ. ಆದ್ದರಿಂದ ಕೆಡುಕನ್ನು ಮೊದಲು ನೋಡುವ ಮನಸ್ಸನ್ನು ಹಳಿಯುವುದು ಸರಿಯಲ್ಲ. ಅದು ತನ್ನ ಕಾವಲು ಕೆಲಸವನ್ನು ಮಾಡುತ್ತಿದೆ, ಆದರೆ ಕಾವಲುಗಾರನೇ ಲೆಕ್ಕವನ್ನೂ ಬರೆದರೆ ಪುಸ್ತಕದಲ್ಲಿ ಒಂದೇ ಕಡೆಯ ಅಂಕಿಗಳು ತುಂಬುತ್ತವೆ.

ಹಾಗಾದರೆ ಒಳ್ಳೆಯ ಮಾತುಗಳನ್ನು ಮನಸ್ಸಿಗೆ ಮತ್ತೆ ಮತ್ತೆ ಹೇಳಿಕೊಂಡರೆ ಸಾಕೇ? ಸಾಲದು ಎನ್ನುವುದಕ್ಕೆ ಪುರಾವೆಯಿದೆ. ಕೆನಡಾದ ಜೋನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾನು ಪ್ರೀತಿಗೆ ಅರ್ಹ ವ್ಯಕ್ತಿ ಎಂಬ ವಾಕ್ಯವನ್ನು ಪದೇ ಪದೇ ಹೇಳಿಕೊಂಡವರಲ್ಲಿ, ಮೊದಲೇ ಆತ್ಮಗೌರವ ಕುಂದಿದ್ದವರ ಮನಸ್ಸು, ಹಾಗೆ ಹೇಳಿಕೊಳ್ಳದ ಅಂಥವರ ಮನಸ್ಸಿಗಿಂತ ಹೆಚ್ಚು ಕುಗ್ಗಿತು. ತಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದವರಿಗಷ್ಟೇ ಅಲ್ಪಸ್ವಲ್ಪ ಲಾಭವಾಯಿತು. ಸೋತವರಿಗೆ, ಒಳ್ಳೆಯದನ್ನೇ ಯೋಚಿಸು ಎಂದು ಬುದ್ಧಿ ಹೇಳುವ ಮುನ್ನ ನಾವೆಲ್ಲರೂ ಈ ಫಲಿತಾಂಶವನ್ನು ನೆನೆಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವಂಥದ್ದು ಗೇಬ್ರಿಯೆಲ್ ಎಟಿಂಗನ್ ಅವರ ಸಂಶೋಧನೆ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರನ್ನು ಕುರಿತು ಅವರು ಥಾಮಸ್ ವಾಡೆನ್ ಅವರೊಂದಿಗೆ 1991ರಲ್ಲಿ ಪ್ರಕಟಿಸಿದ ಅಧ್ಯಯನ ಎರಡು ಬಗೆಯ ಆಶಾವಾದವನ್ನು ಬೇರ್ಪಡಿಸಿತು. ತನ್ನಿಂದ ಇದು ಸಾಧ್ಯ ಎಂದು ನಿರೀಕ್ಷಿಸಿದವರ ತೂಕ ಹೆಚ್ಚು ಇಳಿಯಿತು. ಆದರೆ ತೆಳ್ಳಗಾದ ತಮ್ಮ ರೂಪವನ್ನು ಮುಂಚಿತವಾಗಿಯೇ ಕಣ್ತುಂಬಾ ಕಲ್ಪಿಸಿಕೊಂಡು ಸುಖಿಸಿದವರ ತೂಕ ಕಡಿಮೆ ಇಳಿಯಿತು. ಇಪ್ಪತ್ತು ವರ್ಷಗಳ ಬಳಿಕ, 2011ರಲ್ಲಿ, ಹೆದರ್ ಕಾಪೆಸ್ ಮತ್ತು ಎಟಿಂಗನ್ ಇಂತಹ ಸವಿಗನಸು ಕಾಣುವಾಗ ರಕ್ತದೊತ್ತಡದ ಮೇಲಿನ ಅಂಕಿ ಇಳಿಯುವುದನ್ನು ದಾಖಲಿಸಿದರು. ಅಂದರೆ ಗುರಿ ಈಗಾಗಲೇ ಕೈಗೂಡಿದೆಯೆಂಬಂತೆ ಶರೀರ ಸಡಿಲಗೊಳ್ಳುತ್ತದೆ, ದುಡಿಮೆಗೆ ಬೇಕಾದ ಕಸುವು ಕುಗ್ಗುತ್ತದೆ. ಎಟಿಂಗನ್ ಸೂಚಿಸುವ ದಾರಿ, ಬಯಕೆಯನ್ನು ಸ್ಪಷ್ಟವಾಗಿ ಕಂಡುಕೊಂಡ ಕೂಡಲೇ ಅದಕ್ಕೆ ಅಡ್ಡಬರುವ ತನ್ನೊಳಗಿನ ತೊಡಕನ್ನೂ ಎದುರಿಗಿಟ್ಟುಕೊಂಡು ನೋಡುವುದು.

ಬೆಳೆಗಾರರಿಗೆ ಈ ಕ್ರಮ ಹೊಸದೆನಿಸಲಾರದು. ಒಳ್ಳೆಯ ಹೂಮಳೆ ಬರಲೆಂದು ಹಾರೈಸುವವರೇ, ಇಂಥ ತಾರೀಕಿನೊಳಗೆ ಬಾರದಿದ್ದರೆ ರೋಬಸ್ಟಾ ಕಾಫಿಗೆ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾಯಿಸುವುದೆಂದು ನಿರ್ಧರಿಸಿ ಪೈಪುಗಳನ್ನು ಹೊರಗೆ ತೆಗೆದಿಟ್ಟಿರುತ್ತಾರೆ. 'ಹೀಗಾದರೆ ಹಾಗೆ ಮಾಡುತ್ತೇನೆ' ಎಂಬ ಈ ಬಗೆಯ ಮುನ್‌ನಿರ್ಧಾರಗಳನ್ನು ಪೀಟರ್ ಗೋಲ್ವಿಟ್ಸರ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಬರಿಯ ಸಂಕಲ್ಪಕ್ಕಿಂತ ಇದು ಗಣನೀಯವಾಗಿ ಹೆಚ್ಚು ಫಲ ಕೊಟ್ಟದ್ದು ಕಂಡುಬಂತು. ಸಕ್ಕರೆ ಕಾಯಿಲೆಯವರು ದಿನವೂ ನಡೆಯುತ್ತೇನೆ ಎಂದುಕೊಂಡರೆ ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಜಡಿಮಳೆಗೆ ಆ ಮಾತು ಕೊಚ್ಚಿಹೋಗುತ್ತದೆ. ಮಳೆ ಜೋರಾದ ದಿನ ಜಗಲಿಯಲ್ಲಿಯೇ ಅರ್ಧ ಗಂಟೆ ನಡೆಯುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅದು ಉಳಿಯುವ ಸಂಭವ ಹೆಚ್ಚು.

ಕಷ್ಟದಲ್ಲಿ ಮನುಷ್ಯ ಏಕೆ ಕೈಚೆಲ್ಲುತ್ತಾನೆ ಎಂಬ ಪ್ರಶ್ನೆಗೂ ಹೊಸ ಬೆಳಕು ಬಿದ್ದಿದೆ. ತಪ್ಪಿಸಿಕೊಳ್ಳಲಾಗದ ನೋವನ್ನುಂಡ ಪ್ರಾಣಿಗಳು ಮುಂದೆ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಯತ್ನಿಸುವುದಿಲ್ಲ ಎಂದು ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ತೋರಿಸಿ, ಅಸಹಾಯಕತೆ ಕಲಿತು ಬರುವಂಥದ್ದು ಎಂದಿದ್ದರು. 2016ರಲ್ಲಿ ಅದೇ ಇಬ್ಬರು ಮಿದುಳಿನ ಸಾಕ್ಷ್ಯಗಳನ್ನು ಮುಂದಿಟ್ಟು ತಮ್ಮ ವಿವರಣೆಯನ್ನು ತಿರುವುಮುರುವು ಮಾಡಿದರು. ದೀರ್ಘ ಸಂಕಟದಲ್ಲಿ ಮುದುಡುವುದೇ ಸಹಜ ಪ್ರತಿಕ್ರಿಯೆ; ಏನೋ ಒಂದು ತನ್ನ ಹಿಡಿತದಲ್ಲಿದೆ ಎಂಬುದನ್ನು ಮಿದುಳಿನ ಮುಂಭಾಗ ಗುರುತಿಸಿದಾಗ ಮಾತ್ರ ಆ ಮುದುಡುವಿಕೆಗೆ ತಡೆ ಬೀಳುತ್ತದೆ. ಕಲಿಯಬೇಕಾದದ್ದು ಹಿಡಿತವನ್ನು, ಅದು ಎಷ್ಟೇ ಚಿಕ್ಕದಾಗಿರಲಿ. ತಾವು ಮಾಡಿದ ತಪ್ಪನ್ನು ಸುಮಾರು ಐವತ್ತು ವರ್ಷಗಳ ಬಳಿಕ ತಾವೇ ತಿದ್ದಿದ ಇಬ್ಬರು ವಿಜ್ಞಾನಿಗಳ ಬಗ್ಗೆ ನನಗೆ ಅಪಾರ ಗೌರವವಿದೆ.

ಸಂತೋಷದ ಸಂಗತಿಗಳನ್ನು ಬರೆದಿಡುವ ಅಭ್ಯಾಸವೂ ಪರೀಕ್ಷೆಗೆ ಒಳಗಾಗಿದೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ 2003ರಲ್ಲಿ ಪ್ರಕಟಿಸಿದಂತೆ, ಹತ್ತು ವಾರ ವಾರಕ್ಕೊಮ್ಮೆ ತಮಗೆ ದೊರೆತ ಒಳಿತುಗಳನ್ನು ಬರೆದವರು, ಕಿರಿಕಿರಿಗಳನ್ನು ಬರೆದವರಿಗಿಂತ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಹೇಳಿಕೊಂಡರು. ಲಾಭ ದೊಡ್ಡದೇನಲ್ಲ, ಖರ್ಚಂತೂ ಏನೂ ಇಲ್ಲ.

ಆದರೆ ಇದರ ಗಡಿಯನ್ನು ನಾವು ಕೊಡಗಿನವರು ಮರೆಯಬಾರದು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ತಾಲ್ಲೂಕಿನ ಗುಡ್ಡಗಳು ಜರಿದಾಗ ಮನೆ, ತೋಟ, ತಮ್ಮವರನ್ನು ಕಳೆದುಕೊಂಡವರಿಗೆ ಬೇಕಾದದ್ದು ಸೂರು, ನೆಲ, ಜೊತೆಗೆ ಕುಳಿತುಕೊಳ್ಳುವ ಜನ. ಮಳೆ ಜೋರಾದ ರಾತ್ರಿಗಳಲ್ಲಿ ಇಂದಿಗೂ ನಿದ್ದೆ ಬಾರದವರು, ವಾರಗಟ್ಟಲೆ ಯಾವುದರಲ್ಲೂ ಮನಸ್ಸು ನಿಲ್ಲದವರು ಒಬ್ಬರೇ ಸೆಣಸಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ಮಳೆಪುಸ್ತಕದಲ್ಲಿ ಇಂಚು, ಸೆಂಟುಗಳ ಪಕ್ಕ ಷರಾ ಎಂಬ ಕಿರಿದಾದ ಕಾಲಂ ಇದೆ. ಆ ಆಗಸ್ಟ್‌ನ ಪುಟವನ್ನು ನಾನು ಆಗಾಗ ತೆರೆದು ನೋಡುತ್ತೇನೆ. ಒಂದು ದಿನವೂ ಅಳತೆ ತಪ್ಪಿಲ್ಲ. ಅತಿ ದೊಡ್ಡ ಅಂಕಿಯಿರುವ ದಿನದ ಎದುರು ತಂದೆಯವರು ಪೆನ್ಸಿಲಿನಲ್ಲಿ ಬರೆದಿದ್ದಾರೆ: 'ಕರೆಂಟ್ ಇಲ್ಲ. ರಸ್ತೆ ಹೋಗಿದೆ. ಕೆಳಗಿನ ಮನೆಯವರು ಹಾಲು ತಂದುಕೊಟ್ಟರು.'