ಮರದ ನೆಲದ ನಾಲ್ಕು ಹಲಗೆ ಕೆಟ್ಟಿವೆ: ಹೊಟ್ಟು ಮತ್ತು ಅಂಟು ಕಲಸಿ ತುಂಬಿದರೆ ಸಾಕೆ?

ಪ್ರಶ್ನೆ: ನಮ್ಮದು ಮಲೆನಾಡಿನ ಹಳೆಯ ಮನೆ, ಮಹಡಿಗೆ ಸಾಗುವಾನಿ ಹಲಗೆಯ ನೆಲವಿದೆ. ಕಿಟಕಿಯ ಬಳಿ ನಾಲ್ಕೈದು ಹಲಗೆಗಳು ಮಳೆನೀರಿಗೆ ಕೆಟ್ಟು, ಸಂದುಗಳು ಬಾಯಿಬಿಟ್ಟಿವೆ. ಇಡೀ ನೆಲವನ್ನು ಕಿತ್ತು ಹೊಸದು ಹಾಕಿಸಬೇಕೆ, ಅಥವಾ ಮರದ ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬಿ ಪಾಲಿಶ್ ಹೊಡೆಸಿದರೆ ಸಾಕೆ?

ಉತ್ತರ: ಇಡೀ ನೆಲವನ್ನು ಕೀಳಬೇಕಾಗಿಲ್ಲ, ಹೊಟ್ಟು ತುಂಬಿದರೆ ಸಾಲುವುದೂ ಇಲ್ಲ. ಕೆಟ್ಟ ಹಲಗೆಗಳನ್ನಷ್ಟೇ ತೆಗೆದು ಅದೇ ಜಾತಿಯ ಮರದ ಹಲಗೆ ಕೂರಿಸಬೇಕು. ಈ ಪ್ರಶ್ನೆಯ ಮೊದಲರ್ಧ ಒಂದೊಂದು ಸಲ ಒಂದೊಂದು ರೂಪದಲ್ಲಿ ಬರುತ್ತದೆ, ಆದರೆ ಎರಡನೆಯ ಅರ್ಧ ಮಾತ್ರ ಎಂದೂ ಬದಲಾಗುವುದಿಲ್ಲ. ಹೊಟ್ಟು ಮತ್ತು ಬಿಳಿ ಅಂಟು ಕಲಸಿದರೆ ಅದು ಮತ್ತೆ ಮರವೇ ಆಗುತ್ತದೆ ಎಂಬ ನಂಬಿಕೆಯನ್ನು ಎಷ್ಟು ಸಲ ಅಲ್ಲಗಳೆದರೂ ಅದು ಇನ್ನೊಂದು ಮನೆಯಿಂದ ತಿರುಗಿ ಬರುತ್ತಿರುವುದರಿಂದ, ಈ ಬಾರಿ ಕಾರಣವನ್ನು ಬುಡದಿಂದಲೇ ಹೇಳುತ್ತೇನೆ.

ಕಡಿದು ಎಷ್ಟೇ ವರ್ಷವಾಗಿದ್ದರೂ ಮರವು ಗಾಳಿಯಲ್ಲಿರುವ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ ನೂರಕ್ಕೆ 65ರಷ್ಟಿದ್ದಾಗ ಮರದೊಳಗಿನ ತೇವ ನೂರಕ್ಕೆ ಸುಮಾರು 12ರಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ 90ಕ್ಕೇರಿ ವಾರಗಟ್ಟಲೆ ಅಲ್ಲೇ ಉಳಿದರೆ ಮರದ ತೇವ 20ರ ಹತ್ತಿರಕ್ಕೆ ಹೋಗಲು ನೋಡುತ್ತದೆ. ಪಾಲಿಶ್ ಈ ಏರಿಳಿತವನ್ನು ನಿಧಾನಗೊಳಿಸುತ್ತದೆಯೇ ಹೊರತು ತಡೆಯುವುದಿಲ್ಲ. ತೇವ ಹೀರಿದ ಮರ ಅಗಲದಲ್ಲಿ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಸಾಗುವಾನಿಯು ಹಸಿ ಸ್ಥಿತಿಯಿಂದ ಪೂರ್ತಿ ಒಣಗುವಷ್ಟರಲ್ಲಿ ವಾರ್ಷಿಕ ಉಂಗುರಗಳ ಗುಂಟ ನೂರಕ್ಕೆ ಸುಮಾರು 5.8ರಷ್ಟು ಕುಗ್ಗುತ್ತದೆ, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧಕ್ಕಿಂತಲೂ ಕಡಿಮೆ ಕುಗ್ಗುತ್ತದೆ. ಬಹಳ ಅಲುಗದ ಮರ ಎಂದು ಹೆಸರಾದ ಸಾಗುವಾನಿಯ ಲೆಕ್ಕವೇ ಇದು.

ಈಗ ನಿಮ್ಮ ನೆಲಕ್ಕೆ ಈ ಲೆಕ್ಕವನ್ನು ಹಾಕಿ ನೋಡಿ. ಆರು ಇಂಚು, ಅಂದರೆ ಸುಮಾರು 150 ಮಿಲಿಮೀಟರ್ ಅಗಲದ ಹಲಗೆಯೊಂದರ ತೇವ 12ರಿಂದ 18ಕ್ಕೆ ಏರಿದರೆ ಅದು ಸುಮಾರು ಒಂದೂಮುಕ್ಕಾಲು ಮಿಲಿಮೀಟರ್ ಅಗಲವಾಗುತ್ತದೆ. ಹತ್ತು ಅಡಿ ಕೋಣೆಯಲ್ಲಿ ಅಂಥ ಇಪ್ಪತ್ತು ಹಲಗೆಗಳಿರುತ್ತವೆ, ಒಟ್ಟು ಹಿಗ್ಗು 35 ಮಿಲಿಮೀಟರ್. ಬೇಸಗೆಯಲ್ಲಿ ನಿಮ್ಮ ಕಣ್ಣಿಗೆ ಕಾಣುವ ಸಂದುಗಳು ಈ ಹಿಗ್ಗಿಗೆಂದೇ ಉಳಿದಿರುವ ಜಾಗ. ಚೈತ್ರದಲ್ಲಿ ಆ ಜಾಗಕ್ಕೆ ಹೊಟ್ಟಿನ ಗಂಜಿಯನ್ನು ತುಂಬಿ ಗಟ್ಟಿಯಾಗಿಸಿದರೆ, ಆಷಾಢದಲ್ಲಿ ಹಿಗ್ಗುವ ಹಲಗೆಗೆ ಹೋಗಲು ದಾರಿಯೇ ಇರುವುದಿಲ್ಲ. ಆಗ ತುಂಬಿದ್ದು ಹಿಂಡಿಕೊಂಡು ಮೇಲಕ್ಕೆ ಉಬ್ಬುತ್ತದೆ, ಇಲ್ಲವೇ ಹಲಗೆಯ ಅಂಚಿನ ನಾರುಗಳೇ ಜಜ್ಜಿಹೋಗುತ್ತವೆ. ಜಜ್ಜಿದ ನಾರು ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಮುಂದಿನ ಬೇಸಗೆಯಲ್ಲಿ ಹಲಗೆ ಮೊದಲಿಗಿಂತ ಹೆಚ್ಚು ಕುಗ್ಗಿ, ಸಂದು ಮೊದಲಿಗಿಂತ ಅಗಲವಾಗಿ, ತುಂಬಿದ ಪದಾರ್ಥ ಬಿಲ್ಲೆಬಿಲ್ಲೆಯಾಗಿ ಏಳುತ್ತದೆ. ಸಂದು ದೊಡ್ಡದಾಯಿತೆಂದು ಮತ್ತಷ್ಟು ತುಂಬುವ ಮನೆಗಳನ್ನು ನಾನು ನೋಡಿದ್ದೇನೆ, ಆ ನೆಲಗಳು ವರ್ಷದಿಂದ ವರ್ಷಕ್ಕೆ ಕೆಡುತ್ತಲೇ ಹೋಗುತ್ತವೆ.

“ಹೊಟ್ಟೂ ಮರವೇ ಅಲ್ಲವೇ” ಎಂಬ ವಾದ ಇಲ್ಲಿ ಬಂದೇ ಬರುತ್ತದೆ. ಹಲಗೆಗೆ ಶಕ್ತಿಯಿರುವುದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಡಿಯದೆ ಹಾದ ನಾರಿನಲ್ಲಿ, ಹೊಟ್ಟಿನಲ್ಲಿ ಆ ನಾರು ಚೂರಾಗಿದೆ. ಎರಡು ಜಂತೆಗಳ ನಡುವೆ ಮನುಷ್ಯರ ಭಾರ ಹೊರಬೇಕಾದ ಜಾಗದಲ್ಲಿ ಅದು ಏನನ್ನೂ ಹೊರಲಾರದು. ಬಿಳಿ ಅಂಟು ಒಳ್ಳೆಯ ಅಂಟು, ಆದರೆ ಒಂದಕ್ಕೊಂದು ಬಿಗಿಯಾಗಿ ಒತ್ತಿ ಹಿಡಿದ ಎರಡು ಮರದ ಮೈಗಳನ್ನು ಕೂಡಿಸುವುದು ಅದರ ಕೆಲಸ. ಖಾಲಿ ಜಾಗವನ್ನು ತುಂಬುವುದು ಅದರ ಕೆಲಸವಲ್ಲ, ಸದಾ ನೀರು ತಾಗುವ ಕಡೆ ನಿಲ್ಲುವುದೂ ಅಲ್ಲ. ಒಣಗಿದ ಅಂಟು ಬಣ್ಣವನ್ನು ಹೀರುವುದಿಲ್ಲವಾದ್ದರಿಂದ ಪಾಲಿಶ್ ಹೊಡೆದ ಮೇಲೂ ಆ ಜಾಗ ಕಲೆಯಾಗಿಯೇ ಉಳಿಯುತ್ತದೆ. ಮೊಳೆಯ ತೂತು, ಒಂದೇ ಹಲಗೆಯ ಮೈಯಲ್ಲಿರುವ ಸಣ್ಣ ಗುಳಿ, ಗಂಟಿನ ಸುತ್ತಲಿನ ಬಿರುಕು, ಇಷ್ಟಕ್ಕೆ ಮಾತ್ರ ತುಂಬುವ ಪದಾರ್ಥವನ್ನು ಬಳಸಬಹುದು. ಸಂದು ತೀರಾ ಅಗಲವಾಗಿ ಕಾಲಿಗೆ ತೊಡರುತ್ತಿದ್ದರೆ ಅದೇ ಮರದ ತೆಳು ಪಟ್ಟಿಯನ್ನು ಸೀಳಿ, ಒಂದು ಬದಿಯ ಹಲಗೆಗೆ ಮಾತ್ರ ಅಂಟಿಸಿ, ಇನ್ನೊಂದು ಬದಿಯಲ್ಲಿ ಕೂದಲೆಳೆಯಷ್ಟು ಜಾಗ ಬಿಡಿ. ಎರಡೂ ಬದಿಗೆ ಅಂಟಿಸಿದರೆ ಮತ್ತೆ ಮೊದಲಿನ ಕಥೆಯೇ.

ಇನ್ನು ದುರಸ್ತಿಯ ಕ್ರಮ. ಮೊದಲು ನೀರು ಬರುವ ದಾರಿಯನ್ನು ಮುಚ್ಚಿ. ಕಿಟಕಿಯ ಎರಚಲು ನಿಲ್ಲದೆ ಹಲಗೆ ಬದಲಿಸಿದರೆ ಆ ಖರ್ಚು ಪೂರ್ತಿ ನಷ್ಟ. ಬಳಿಕ ನೆಲ ಒಣಗುವವರೆಗೆ ಕಾಯಿರಿ. ಅಂಚುಗಳು ಮೇಲೆದ್ದು ತೊಟ್ಟಿಲಿನಂತಾದ ಹಲಗೆಯ ತಳ ಇನ್ನೂ ಒದ್ದೆಯಾಗಿರುತ್ತದೆ. ಅದನ್ನು ಆಗಲೇ ಉಜ್ಜಿ ಮಟ್ಟ ಮಾಡಿದರೆ, ತಳ ಒಣಗಿದ ಮೇಲೆ ನಡುಭಾಗ ಉಬ್ಬಿ ನಿಲ್ಲುತ್ತದೆ. ಎಷ್ಟೋ ಹಲಗೆಗಳು ಒಣಗುತ್ತಾ ತಾವಾಗಿ ಮಟ್ಟಕ್ಕೆ ಬರುತ್ತವೆ. ಕಾರ್ತಿಕ ಕಳೆದ ಮೇಲಿನ ದಿನಗಳು ಈ ಕೆಲಸಕ್ಕೆ ಒಳ್ಳೆಯವು, ಏಕೆಂದರೆ ಆಗ ಮರ ಅತಿ ಹಿಗ್ಗಿಯೂ ಇರುವುದಿಲ್ಲ, ಅತಿ ಕುಗ್ಗಿಯೂ ಇರುವುದಿಲ್ಲ.

ಒಣಗಿದ ಮೇಲೆ ಯಾವ ಹಲಗೆ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಸ್ಕ್ರೂಡ್ರೈವರಿನ ತುದಿಯೇ ಹೇಳುತ್ತದೆ. ಅದನ್ನು ಚುಚ್ಚಿ ಮೀಟಿದಾಗ ಉದ್ದನೆಯ ಸಿಬರು ಚಟ್ಟನೆ ಎದ್ದರೆ ಮರ ಗಟ್ಟಿಯಾಗಿದೆ. ಸದ್ದಿಲ್ಲದೆ ಗಿಡ್ಡ ಚೂರಾಗಿ ಮುರಿದರೆ ಕೊಳೆತಿದೆ. ಕೆಟ್ಟ ಭಾಗವನ್ನು ದಾಟಿ ಮುಂದಿನ ಜಂತೆಯವರೆಗೆ ಹೋಗಿ, ಜಂತೆಯ ನಡುಮಧ್ಯಕ್ಕೆ ಸರಿಯಾಗಿ ಹಲಗೆಯನ್ನು ಕತ್ತರಿಸಬೇಕು, ಆಗ ಹಳೆಯ ತುದಿಗೂ ಹೊಸ ತುದಿಗೂ ಕೂರಲು ಜಾಗ ಸಿಗುತ್ತದೆ. ಅಕ್ಕಪಕ್ಕದ ಹಲಗೆಗಳ ಕೂಡು ಒಂದೇ ಜಂತೆಯ ಮೇಲೆ ಬಾರದಂತೆ ಹಿಂದೆಮುಂದೆ ಮಾಡಿ. ಗರಗಸದ ಆಳವನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ ಇಟ್ಟು, ಉದ್ದಕ್ಕೆ ಎರಡು ಗೆರೆ ಸೀಳಿ, ನಡುವಿನ ಪಟ್ಟಿಯನ್ನು ಮೊದಲು ಎಬ್ಬಿಸಿದರೆ ಪಕ್ಕದ ಚೂರುಗಳು ನೆರೆಯ ಹಲಗೆಗೆ ಪೆಟ್ಟಾಗದೆ ಈಚೆ ಬರುತ್ತವೆ. ಒಂದರ ಅಂಚಿನ ನಾಲಿಗೆ ಇನ್ನೊಂದರ ತೋಡಿನೊಳಗೆ ಕೂರುವ ಬಗೆಯ ನೆಲವಾಗಿದ್ದರೆ, ಹೊಸ ಹಲಗೆಯ ತೋಡಿನ ಕೆಳತುಟಿಯನ್ನು ಉಳಿಯಿಂದ ತೆಗೆದು, ನಾಲಿಗೆಯನ್ನು ಮೊದಲು ತೂರಿಸಿ, ಮತ್ತೆ ಮೇಲಿನಿಂದ ಇಳಿಸಬೇಕು. ಹೊಸ ಹಲಗೆಯನ್ನು ಎರಡು ವಾರ ಅದೇ ಕೋಣೆಯಲ್ಲಿ ಇಟ್ಟು ಅಲ್ಲಿನ ಹವೆಗೆ ಒಗ್ಗಿಸಿಯೇ ಕೂರಿಸಿ.

ಹೊಸ ಸಾಗುವಾನಿ ಹಳೆಯದರ ಬಣ್ಣಕ್ಕೆ ಕೂಡಲೇ ಹೊಂದುವುದಿಲ್ಲ, ಬೆಳಕು ಬಿದ್ದು ಹೊನ್ನಿನ ಕಂದಿಗೆ ತಿರುಗಲು ಅದಕ್ಕೆ ಸಮಯ ಬೇಕು. ನಾನು ಎಲ್ಲರಿಗೂ ಹೇಳಿಕೊಡುವ, ನನಗೆ ಬಹಳ ಮೆಚ್ಚಿಗೆಯ ಉಪಾಯವೊಂದಿದೆ: ಬೀರುವಿನ ಅಡಿಯಲ್ಲಿರುವ ಹಳೆಯ ಹಲಗೆಯನ್ನು ತೆಗೆದು ಕಿಟಕಿಯ ಬಳಿಗೆ ತನ್ನಿ, ಹೊಸದನ್ನು ಬೀರುವಿನ ಅಡಿಗೆ ಹಾಕಿ. ದಪ್ಪವೂ ವಯಸ್ಸೂ ಅದೇ ಆದ ಮರ ನಿಮ್ಮ ಮನೆಯಲ್ಲೇ ಇರುವಾಗ ಅದನ್ನು ಹೊರಗೆ ಹುಡುಕಬೇಕಾಗಿಲ್ಲ.

ಜಂತೆಗಳು ಕಾಣುವಂತೆ ನೆಲ ತೆರೆದಿರುವಾಗ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆ, ನೀವು ಕೇಳಿಲ್ಲದಿದ್ದರೂ ಕೂಡ. ನಡೆದಾಗ ನೆಲ ಕಿರುಗುಟ್ಟಿದರೆ ಮರ ಮುದಿಯಾಯಿತೆಂದು ಜನ ಹೆದರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಆಗಿರುವುದಿಷ್ಟೇ: ಒಣಗಿದ ಹಲಗೆ ಜಂತೆಯಿಂದ ತುಸು ಬಿಟ್ಟುಕೊಂಡು, ಕಾಲಿಟ್ಟಾಗ ಕೆಳಗಿಳಿದು, ಸಡಿಲವಾದ ಮೊಳೆಯ ಮೈಗೆ ಉಜ್ಜುತ್ತಿರುತ್ತದೆ. ಅದೇ ತೂತಿಗೆ ಮೊಳೆಯನ್ನು ಮತ್ತೆ ಹೊಡೆದರೆ ಕೆಲವೇ ದಿನಗಳಲ್ಲಿ ಅದು ಮತ್ತೆ ಸಡಿಲವಾಗುತ್ತದೆ. ಅದರ ಪಕ್ಕದಲ್ಲಿ ಸಣ್ಣ ತೂತು ಕೊರೆದು ಸ್ಕ್ರೂ ಹಾಕಿ ಜಂತೆಗೆ ಬಿಗಿಯಿರಿ. ಕೆಳಗಿನ ಕೋಣೆಯಿಂದ ಜಂತೆಗಳು ಕಾಣುವಂತಿದ್ದರೆ ಇನ್ನೂ ಸುಲಭ: ಮೇಲೆ ಒಬ್ಬರು ನಡೆಯುತ್ತಿರಲಿ, ಸದ್ದು ಬಂದ ಜಾಗದಲ್ಲಿ ಹಲಗೆಗೂ ಜಂತೆಗೂ ನಡುವಿನ ಸಂದಿಗೆ ತೆಳುವಾದ ಮರದ ಬೆಣೆಗೆ ಅಂಟು ಹಚ್ಚಿ ಕೈಯಿಂದಲೇ ತೂರಿಸಿ. ಸುತ್ತಿಗೆಯಿಂದ ಹೊಡೆದರೆ ಬೆಣೆ ಹಲಗೆಯನ್ನೇ ಮೇಲಕ್ಕೆ ಎತ್ತಿ, ಪಕ್ಕದ ಹಲಗೆಯಿಂದ ಹೊಸ ಸದ್ದು ಶುರುವಾಗುತ್ತದೆ.