ಬಿಯರ್ಡೆಡ್ ಡ್ರ್ಯಾಗನ್: ಮರಿಯೂ ದೊಡ್ಡದೂ ಒಂದೇ ಕೋಣೆಯಲ್ಲಿ ಇರಬಹುದೇ?

ಪ್ರಶ್ನೆ: ನಮ್ಮಲ್ಲಿ ಎರಡು ವರ್ಷದ ಬಿಯರ್ಡೆಡ್ ಡ್ರ್ಯಾಗನ್ (ಓತಿಕ್ಯಾತದ ಬಳಗದ ಸಾಕುಪ್ರಾಣಿ) ಇದೆ. ಈಗ ಒಂದು ಮರಿಯನ್ನೂ ತಂದಿದ್ದೇವೆ. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಇವುಗಳಿಗೆಂದು ಬಿಟ್ಟುಕೊಡಬಹುದಾದದ್ದು ಒಂದೇ ಕೋಣೆ. ಎರಡನ್ನೂ ಅಲ್ಲಿಯೇ ಸಾಕಬಹುದೇ?

ಉತ್ತರ: ಒಂದೇ ಕೋಣೆಯಲ್ಲಿ ಸಾಕಬಹುದು, ಒಂದೇ ಗೂಡಿನಲ್ಲಿ ಸಾಕಬಾರದು. ಇದನ್ನು ಎಷ್ಟು ಸಲ ಬರೆದರೂ ಮುಂದಿನ ಪ್ರಶ್ನೆಯ ಜೊತೆಗೆ ಮತ್ತೊಂದು ವಿಡಿಯೋ ಬಂದೇ ಬರುತ್ತದೆ. ಅದರಲ್ಲಿ ಮರಿಯು ದೊಡ್ಡದರ ಎದುರು ಮುಂಗಾಲೆತ್ತಿ ನಿಧಾನವಾಗಿ ತಿರುಗಿಸುತ್ತಿರುತ್ತದೆ, ಇಲ್ಲವೇ ಗೂಡಿನ ಶಾಖದ ದೀಪದ ಕೆಳಗೆ ಒಂದರ ಬೆನ್ನ ಮೇಲೆ ಇನ್ನೊಂದು ಮಲಗಿರುತ್ತದೆ. ‘ನೋಡಿ ಸರ್, ಟಾಟಾ ಮಾಡ್ತದೆ, ಎಷ್ಟು ಅನ್ಯೋನ್ಯ’ ಎಂಬ ಒಕ್ಕಣೆ ಬೇರೆ.

ಅದು ಟಾಟಾ ಅಲ್ಲ, ಶರಣಾಗತಿ. ತನಗಿಂತ ಬಲವಾದದ್ದು ಕಣ್ಣಿಗೆ ಬಿದ್ದಾಗ, ಕಚ್ಚಿಸಿಕೊಳ್ಳದೆ ಪಾರಾಗಲು ಮರಿಗಿರುವ ದಾರಿ ಅದೊಂದೇ. ದೊಡ್ಡದು ಪ್ರತಿಯಾಗಿ ತಲೆ ಕುಣಿಸಿದರೆ ಅದು ಒಪ್ಪಿಗೆಯಲ್ಲ, ಗದರಿಕೆ. ಗಡ್ಡದಂತಿರುವ ಗಂಟಲ ಚರ್ಮ ಉಬ್ಬಿ ಕಪ್ಪಾದರೆ ಗದರಿಕೆಯ ಹಂತವೂ ದಾಟಿದೆ ಎಂದು ತಿಳಿಯಬೇಕು. ಬೆನ್ನೇರಿ ಮಲಗುವುದರಲ್ಲಿಯೂ ಪ್ರೀತಿಯಿಲ್ಲ. ಮೇಲಿರುವುದು ಶಾಖವನ್ನೂ ದೀಪದ ಯುವಿಬಿ (ಒಂದು ಬಗೆಯ ಅತಿನೇರಳೆ) ಕಿರಣಗಳನ್ನೂ ತನ್ನದಾಗಿಸಿಕೊಳ್ಳುತ್ತದೆ. ಅಡಿಯಲ್ಲಿರುವುದಕ್ಕೆ ಆ ಕಿರಣ ಸಿಗದಿದ್ದರೆ ಮೈಯಲ್ಲಿ ಡಿ3 ಜೀವಸತ್ವ ತಯಾರಾಗದು, ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು, ಬೆಳೆಯುವ ಮೂಳೆ ಮೆತ್ತಗಾಗುತ್ತದೆ. ‘ದೊಡ್ಡದು ಹೆಣ್ಣು, ತಾಯಿಯಂತೆ ನೋಡಿಕೊಂಡೀತು’ ಎನ್ನುವವರೂ ಇದ್ದಾರೆ. ಈ ಜಾತಿಯ ತಾಯಿ ಮೊಟ್ಟೆಗಳನ್ನು ಮಣ್ಣಿನಲ್ಲಿ ಹೂತು ಹೊರಟುಹೋಗುತ್ತದೆ, ಮರಿಗಳ ಮುಖವನ್ನೂ ನೋಡುವುದಿಲ್ಲ. ಬೆಳೆದ ಡ್ರ್ಯಾಗನ್ 45ರಿಂದ 60 ಸೆಂಟಿಮೀಟರ್ ಉದ್ದವಿರುತ್ತದೆ. ಆಗತಾನೇ ಮೊಟ್ಟೆಯೊಡೆದ ಮರಿ ಸುಮಾರು 10 ಸೆಂಟಿಮೀಟರ್, ಅಂದರೆ ದೊಡ್ಡದರ ಪಾಲಿಗೆ ಅದು ಬರಿಯ ಆಹಾರ. ಒಡಹುಟ್ಟಿದ ಮರಿಗಳೇ ಪರಸ್ಪರರ ಬೆರಳು, ಬಾಲದ ತುದಿ ಕಚ್ಚುತ್ತವೆ. ಹಲ್ಲಿಯ ಬಾಲದಂತೆ ಇದರ ಬಾಲ ಮರಳಿ ಬೆಳೆಯುವುದಿಲ್ಲ.

ಇನ್ನು ಕೋಣೆಯ ವಿಷಯ. ಗೂಡು ಬೇರೆಯಾದರೂ ದಿನವಿಡೀ ಕಣ್ಣಿಗೆ ಕಣ್ಣು ಕೂಡುತ್ತಿದ್ದರೆ ಮರಿ ಹೆದರಿ ಆಹಾರ ಬಿಡಬಹುದು. ನಡುವೆ ರಟ್ಟನ್ನೋ ಪ್ಲೈವುಡ್ಡನ್ನೋ ನಿಲ್ಲಿಸಿದರೆ ಸಾಕು. ಆದರೆ ಮೊದಲ ಎರಡು ಮೂರು ತಿಂಗಳು ಹೊಸಬನ ಗೂಡು ಹಾಲ್‌ನ ಮೂಲೆಯಲ್ಲಾದರೂ ಸರಿ, ಆ ಕೋಣೆಯಿಂದ ಹೊರಗಿರಲಿ. ನೋಡಲು ಗಟ್ಟಿಮುಟ್ಟಾದ ಪ್ರಾಣಿಯೂ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯನ್ನೋ ಅಡಿನೋವೈರಸ್ ಎಂಬ ರೋಗಾಣುವನ್ನೋ ಹೊತ್ತಿರಬಹುದು, ಅವು ಹಿಕ್ಕೆಯ ಮೂಲಕ ಹರಡುತ್ತವೆ. ಹಳೆಯದರ ಕೆಲಸ ಮುಗಿಸಿಯೇ ಹೊಸದರ ಗೂಡಿಗೆ ಕೈಹಾಕಬೇಕು. ಚಿಮಟ, ಬಟ್ಟಲು ಎರಡಕ್ಕೂ ಬೇರೆಬೇರೆ ಇರಬೇಕು.

ನೀವು ಕೇಳದಿದ್ದರೂ ನಮ್ಮ ಊರಿನವರು ಕೇಳಲೇಬೇಕಾದ ಪ್ರಶ್ನೆ ಮಳೆಗಾಲದ್ದು. ಈ ಪ್ರಾಣಿಯ ಮೂಲ ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿನ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 280 ಮಿಲಿಮೀಟರ್. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಅಷ್ಟು ಮಳೆ ಎರಡು ಮೂರು ದಿನಗಳಲ್ಲಿ ಸುರಿಯುವುದುಂಟು. ಶೇಕಡಾ 30ರಿಂದ 40ರಷ್ಟು ತೇವ ಸಾಕಾದ ಜೀವಿಗೆ ಇಲ್ಲಿ ಗೋಡೆಯೇ ಬೆವರುವ ಗಾಳಿ ಸಿಗುತ್ತದೆ, ಶ್ವಾಸಕೋಶದ ಸೋಂಕು ಅಲ್ಲಿಂದಲೇ ಆರಂಭ. ಎರಡು ಗೂಡುಗಳೂ ಒಂದೇ ಕೋಣೆಯಲ್ಲಿದ್ದರೆ ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಒಂದೇ ಸಾಕಾಗುತ್ತದೆ, ನಿಮ್ಮ ಏರ್ಪಾಟಿನ ಲಾಭ ಇದು. ದೀಪದ ಕೆಳಗಿನ ಜಾಗ ಮಾತ್ರ 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಲೇಬೇಕು. ಆ ಶಾಖವಿಲ್ಲದೆ ಇವುಗಳಿಗೆ ತಿಂದದ್ದು ಜೀರ್ಣವಾಗುವುದಿಲ್ಲ; ಆದ್ದರಿಂದ ಗಾಳಿಮಳೆಗೆ ಕರೆಂಟು ಹೋಗಿ ಬಹಳ ಹೊತ್ತು ಬಾರದಿದ್ದರೆ, ದೀಪ ಮತ್ತೆ ಉರಿಯುವವರೆಗೆ ಎರಡಕ್ಕೂ ಹುಳು ಹಾಕಬೇಡಿ.