ಕಲೆ ಬಿದ್ದ ಜಾಗದಲ್ಲಿ ರೋಮ ಯಾಕೆ ಬರೋದಿಲ್ಲ?

ಬೈಕಿನ ಸೈಲೆನ್ಸರ್ ತಾಗಿ ಕಾಲು ಸುಟ್ಟುಕೊಂಡವರು ಮಂಗಳೂರಿನ ನಮ್ಮ ಕ್ಲಿನಿಕ್ಕಿಗೆ ಬರುತ್ತಲೇ ಇರುತ್ತಾರೆ. ಹೆಚ್ಚಿನವರು ಬರುವುದು ಗಾಯ ಒಣಗಿ ತಿಂಗಳುಗಳಾದ ಮೇಲೆ. ‘ಡಾಕ್ಟ್ರೇ, ಕಲೆ ಹೋಗುವ ಕ್ರೀಮ್ ಬರೆದುಕೊಡಿ’ ಅನ್ನುತ್ತಾರೆ. ಮೊದಲು ಕಲೆಯನ್ನು ಮುಟ್ಟಿ ನೋಡಿ ಅನ್ನುತ್ತೇನೆ. ನುಣುಪು, ಹೊಳಪು, ಒಂದು ರೋಮವೂ ಇಲ್ಲ. ಚಿವುಟಿ ಹಿಡಿದರೆ ಪಕ್ಕದ ಚರ್ಮದಷ್ಟು ಮೆತ್ತಗಿಲ್ಲ.

ಅಲ್ಲಿ ಕೊಬ್ಬಿನ ಕೋಶಗಳೂ ಇರುವುದಿಲ್ಲ. ಕೊಬ್ಬು ಅಂದರೆ ನಮಗೆ ಹೊಟ್ಟೆಯೇ ನೆನಪಾಗುತ್ತದೆ, ಅಲ್ವಾ? ಆದರೆ ಚರ್ಮದ ಕೊಬ್ಬು ಸುಮ್ನೆ ಕೂತಿರುವುದಲ್ಲ. ಇಲಿಗಳಲ್ಲಿ ಕಂಡಂತೆ, ಗಾಯವಾದಾಗ ಹತ್ತಿರದ ಕೊಬ್ಬಿನ ಕೋಶಗಳು ಕೊಬ್ಬಿನಾಮ್ಲ ಹೊರಬಿಡುತ್ತವೆ. ಗಾಯದ ಕಸ ತೆಗೆಯುವ ರಕ್ಷಕ ಕೋಶಗಳು ಸರಿಯಾಗಿ ಬಂದು ಸೇರಲು ಅದು ಬೇಕು. ಕೀವು ಮಾಡುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಕೊಲ್ಲುವ ವಸ್ತುವನ್ನೂ ಈ ಕೊಬ್ಬಿನ ಕೋಶಗಳು ತಯಾರಿಸುತ್ತವೆ ಎಂಬ ವರದಿ 2015ರಲ್ಲಿ ಬಂತು.

ಗಾಯ ಮುಚ್ಚುವ ಕೆಲಸ ಮಯೋಫೈಬ್ರೊಬ್ಲಾಸ್ಟ್‌ ಎಂಬ ಕೋಶಗಳದ್ದು. ಅವು ಗಾಯದ ಅಂಚನ್ನು ಎಳೆದು ಹತ್ತಿರ ತರುತ್ತವೆ, ಕೊಲಾಜನ್ ನಾರು ತುಂಬುತ್ತವೆ. ಕೆಲಸ ಮುಗಿದರೂ ನಿಲ್ಲಿಸದಿದ್ದರೆ ಕಲೆ ದಪ್ಪವಾಗುತ್ತದೆ. ಕಿವಿ ಚುಚ್ಚಿಸಿದಲ್ಲಿ ಗಂಟಿನ ಹಾಗೆ ಬೆಳೆಯುವ ಕೀಲಾಯ್ಡ್‌ನಲ್ಲೂ ಆಗುವುದು ಈ ನಾರು ಜಾಸ್ತಿಯಾಗುವುದೇ.

ಈ ಮಯೋಫೈಬ್ರೊಬ್ಲಾಸ್ಟ್‌ಗಳು ಮತ್ತೆ ಬೇರೆ ಬಗೆಯ ಕೋಶಗಳಾಗಲಾರವು ಎಂಬುದೇ ಬಹುಕಾಲದ ನಂಬಿಕೆ. 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಮತ್ತು ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಅದನ್ನು ಅಲುಗಾಡಿಸಿದರು. ಇಲಿಯ ದೊಡ್ಡ ಗಾಯದ ನಡುವೆ ಮೊದಲು ಹೊಸ ರೋಮದ ಬುಡ ಹುಟ್ಟಿತು. ಅದು ಬಿಎಂಪಿ ಎಂಬ ಪ್ರೋಟೀನನ್ನು ಬಿಟ್ಟಿತು. ಆ ಸೂಚನೆ ಸಿಕ್ಕಿದ ಮಯೋಫೈಬ್ರೊಬ್ಲಾಸ್ಟ್‌ಗಳು ಕೊಬ್ಬಿನ ಕೋಶಗಳಾದವು. ರೋಮ ಹುಟ್ಟದ ಕಡೆ ಕೊಬ್ಬೂ ಬರಲಿಲ್ಲ. ಮನುಷ್ಯರ ಕೀಲಾಯ್ಡ್‌ನಿಂದ ತೆಗೆದ ಕೋಶಗಳೂ ಪ್ರಯೋಗಾಲಯದಲ್ಲಿ ಹೀಗೆಯೇ ಬದಲಾದವು. ನನಗೆ ಇದರಲ್ಲಿ ಇಷ್ಟವಾದದ್ದು ಆ ಕ್ರಮ: ಮೊದಲು ರೋಮ, ಆಮೇಲೆ ಕೊಬ್ಬು.

ಹಾಗಂತ ತೆಂಗಿನೆಣ್ಣೆ ತಿಕ್ಕಿದರೆ ಚರ್ಮದೊಳಗೆ ಕೊಬ್ಬಿನ ಕೋಶ ಹುಟ್ಟುವುದಿಲ್ಲ. ಬಿಎಂಪಿ ಹಾಕಿದ ಮುಲಾಮು ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ಸದ್ಯಕ್ಕೆ ನನ್ನ ಚೀಟಿಯಲ್ಲಿ ಇರುವುದು ಹಳೆಯದೇ. ಸುಟ್ಟ ತಕ್ಷಣ 20 ನಿಮಿಷ ನಲ್ಲಿ ನೀರು ಬಿಡಿ, ಟೂತ್‌ಪೇಸ್ಟ್ ಬೇಡ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಹಚ್ಚಿ, ಕೆಲವು ತಿಂಗಳು ಬಿಡದೆ. ನಮ್ಮೂರಿನ ಸೆಕೆಗೆ, ಬೆವರಿಗೆ ಸಿಲಿಕೋನ್ ಪಟ್ಟಿ ಕಿತ್ತು ಬರುತ್ತದೆ, ಜೆಲ್ ವಾಸಿ.